ನೂರು ಜನ ಇಳಿಯುವ ದ್ವೀಪ

2021ರ ಜುಲೈಯಲ್ಲಿ ಪಬ್‌ಜಿ ಆಟ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೊಸ ಹೆಸರಲ್ಲಿ ಮರಳಿ ಬಂದಾಗ ಅದರಲ್ಲಿ ರಕ್ತದ ಬಣ್ಣ ಹಸಿರಾಗಿತ್ತು. ‘ಕಿಲ್’ ಹೋಗಿ ‘ಫಿನಿಶ್’ ಬಂದಿತ್ತು. ಇದು ನಿಜವಾದ ಜಗತ್ತಲ್ಲ ಎಂದು ಎಚ್ಚರಿಸುವ ದನಿ ಸೇರಿತ್ತು. ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಬಿದ್ದಿತ್ತು. ಹಿಂದಿನ ವರ್ಷದ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ್ದ ಆಟವನ್ನು ಕೊರಿಯಾದ ಕ್ರಾಫ್ಟನ್ ಕಂಪನಿ ಹೀಗೆ ತೊಳೆದು, ಒರೆಸಿ ತಂದಿತ್ತು. ದಾವಣಗೆರೆಯ ವಿದ್ಯಾನಗರದ ಹಾಸ್ಟೆಲುಗಳಿಂದ ಹರಿಹರದ ಹೊಳೆದಂಡೆಯವರೆಗೆ ನಮ್ಮ ಹುಡುಗರು ತಲೆ ತಗ್ಗಿಸಿ ಕೂತು ಆಡಿದ್ದು, ಇವತ್ತಿಗೂ ಆಡುತ್ತಿರುವುದು ಇದನ್ನೇ. ಇಷ್ಟು ಜನರ ಇಷ್ಟು ಹೊತ್ತನ್ನು ತೆಗೆದುಕೊಂಡ ಒಂದು ಕೃತಿಯನ್ನು ನಾವು ಬೈದಿದ್ದೇವೆ, ನಿಷೇಧಿಸಿದ್ದೇವೆ. ಒಂದು ನಾಟಕವನ್ನೋ ಕಾದಂಬರಿಯನ್ನೋ ನೋಡುವ ಕಣ್ಣಿಂದ ನೋಡಿಲ್ಲ.

ಕ್ರಾಫ್ಟನ್ ಮಾಡಿದ ಬದಲಾವಣೆಗಳೆಲ್ಲ ಮೈಮೇಲಿನವು. ಆಟದ ನಿಯಮ ಇದ್ದ ಹಾಗೇ ಇದೆ. ವಿಮಾನದಿಂದ ನೂರು ಜನ ಬರಿಗೈಯಲ್ಲಿ ಧುಮುಕುತ್ತಾರೆ. ಎಂಟು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಎರಾಂಗಲ್ ದ್ವೀಪ. ಪಾಳುಬಿದ್ದ ಮನೆಗಳಿಗೆ ನುಗ್ಗಿ ಬಂದೂಕು, ಹೆಲ್ಮೆಟ್ಟು, ಬ್ಯಾಂಡೇಜು ಹುಡುಕಿಕೊಳ್ಳಬೇಕು. ಹೊತ್ತು ಕಳೆದಂತೆ ಸುರಕ್ಷಿತ ಜಾಗದ ವೃತ್ತ ಕುಗ್ಗುತ್ತದೆ. ‘ಝೋನ್ ಬಂತು, ಓಡ್ರೋ’ ಎಂದು ಹುಡುಗರು ಕೂಗುವುದು ಆಗಲೇ. ಕೊನೆಗೆ ಒಬ್ಬ, ಇಲ್ಲವೇ ನಾಲ್ವರ ಒಂದು ತಂಡ ಉಳಿದರೆ ಆಟ ಮುಗಿಯಿತು. ಎರಡನೆಯವನಾಗಿ ಬಂದವನೂ ಸತ್ತವನೇ. ಆಟವೊಂದು ಮನುಷ್ಯನನ್ನು ತಿದ್ದುವುದಾದರೆ ಅದು ಇಂಥ ನಿಯಮದ ಮೂಲಕ, ಅದೇ ಕೆಲಸವನ್ನು ಮಾಡಿ ಮಾಡಿ ಮೈಗೂಡಿಸಿಕೊಳ್ಳುವ ಮೂಲಕ ಎಂಬುದು ನನ್ನ ನಂಬಿಕೆ. ರಕ್ತ ಕೆಂಪೋ ಹಸಿರೋ ಎಂಬ ಚರ್ಚೆ ಆ ನಿಯಮವನ್ನು ಮುಟ್ಟುವುದೇ ಇಲ್ಲ.

ಗುಂಡು ಹಾರಿಸುವ ಆಟ ಆಡಿದವನು ಹೊರಗೂ ಹೊಡೆದಾಟಕ್ಕೆ ಇಳಿಯುತ್ತಾನೆ ಎಂಬ ಭಯವನ್ನು ಇಲ್ಲೇ ಬದಿಗಿಡಬಹುದು. ಬ್ರಿಟನ್ನಿನಲ್ಲಿ 14–15 ವಯಸ್ಸಿನ ಸುಮಾರು ಸಾವಿರ ಮಕ್ಕಳನ್ನು ಕುರಿತು 2019ರಲ್ಲಿ ಪ್ರಕಟವಾದ ಶಿಬಿಲ್ಸ್ಕಿ ಮತ್ತು ವೈನ್‌ಸ್ಟೈನ್ ಅವರ ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ. ನನಗೆ ಕಾಣುವ ಪ್ರಭಾವ ಬೇರೆ ಥರದ್ದು, ಸದ್ದಿಲ್ಲದ್ದು.

ದಾವಣಗೆರೆ ಈಗ ಓದಿನ ಊರು. ಎರಡು ವೈದ್ಯಕೀಯ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳು, ಬೀದಿಗೊಂದು ಕೋಚಿಂಗು. ಸುತ್ತಲಿನ ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡ ಹುಡುಗ ಹಗಲೆಲ್ಲ ನೀಟ್, ಸಿಇಟಿ ರ‍್ಯಾಂಕಿನ ಲೆಕ್ಕದಲ್ಲಿರುತ್ತಾನೆ. ಸೀಟು ಕೆಲವು, ಕೂತವರು ಲಕ್ಷಗಟ್ಟಲೆ. ರಾತ್ರಿ ಫೋನು ತೆರೆದರೆ ಅಲ್ಲೂ ಅದೇ ಕುಗ್ಗುವ ವೃತ್ತ, ಅದೇ ‘ಬೇರೆಯವರು ಹೋದರೆ ನನಗೆ ಜಾಗ’ ಎಂಬ ಲೆಕ್ಕ. ಆಟ ಅವನಿಗೆ ಹೊಸ ಲೋಕದೃಷ್ಟಿ ಕೊಡುತ್ತಿಲ್ಲ. ಹಗಲು ಕಲಿತ ದೃಷ್ಟಿಯನ್ನೇ ರಾತ್ರಿ ಗಟ್ಟಿಮಾಡುತ್ತಿದೆ. ಆಟವನ್ನು ದೂರುವ ಪೋಷಕರು ಕೋಚಿಂಗಿನ ಫಲಕದ ಮೇಲಿನ ರ‍್ಯಾಂಕುಗಳನ್ನೂ ಅಷ್ಟೇ ಅನುಮಾನದಿಂದ ನೋಡಬೇಕಿತ್ತು ಅನ್ನಿಸುತ್ತದೆ.

ಆದರೂ ಆಟ ಹಗಲು ಸಿಗದ ಒಂದನ್ನು ಕೊಡುತ್ತದೆ: ಕೈಚಳಕಕ್ಕೆ ತಕ್ಷಣದ ಮನ್ನಣೆ. ಬ್ರಾಂಜ್‌ನಿಂದ ಹತ್ತುತ್ತ ಏಸ್, ಕಾಂಕರರ್‌ವರೆಗೆ ಮೆಟ್ಟಿಲುಗಳಿವೆ. ಯಾರ ಶಿಫಾರಸೂ ಬೇಕಿಲ್ಲ. ಇಂಥ ಮನ್ನಣೆ ಹಿಂದೆ ಕಾರ್ಖಾನೆಗಳಲ್ಲಿ ಸಿಗುತ್ತಿತ್ತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಮಾಡುತ್ತಿತ್ತು. ದಾವಣಗೆರೆಯಲ್ಲಿ ಬಟ್ಟೆ ಗಿರಣಿಗಳ ಸಾಲೇ ಇತ್ತು. ಅಲ್ಲಿ ದುಡಿದವರಿಗೆ ತಮ್ಮ ಕೈ ಏನು ಬಲ್ಲದು ಎಂಬುದೇ ಗುರುತಾಗಿತ್ತು, ಊರು ಅವರನ್ನು ಕಂಪನಿಯ ಹೆಸರು ಹಿಡಿದೇ ಕರೆಯುತ್ತಿತ್ತು. ಆ ಕಾರ್ಖಾನೆ ಮುಚ್ಚಿತು, ಗಿರಣಿಗಳೂ ಮುಚ್ಚಿದವು. ಅದೇ ಮನೆಗಳ ಮೊಮ್ಮಕ್ಕಳು ತಮ್ಮ ಕೈ ಪಳಗಿದ್ದನ್ನು ಎಲ್ಲಿ ತೋರಿಸಬೇಕು? ಆಟದಲ್ಲಿ ತೋರಿಸಿದರೆ ಅದನ್ನು ಬರಿಯ ಚಟವೆಂದು ತಳ್ಳಿಹಾಕುವುದು ಅನ್ಯಾಯ.

ಅನ್ಯಾಯ ಆಟದ ಕಡೆಯಿಂದಲೂ ಇದೆ. ಹೊಸಬ ಮೊದಲಿಗೆ ಹೊಡೆಯುವ ಎದುರಾಳಿಗಳಲ್ಲಿ ಬಹಳಷ್ಟು ಮನುಷ್ಯರೇ ಅಲ್ಲ, ಕಂಪ್ಯೂಟರ್ ನಡೆಸುವ ಬಾಟ್‌ಗಳು. ನಾನು ಹುಟ್ಟಾ ಶೂರ ಎಂಬ ಭಾವನೆಯನ್ನು ಆಟವೇ ಅವನಲ್ಲಿ ಬಿತ್ತುತ್ತದೆ. ಹತ್ತಿದ ಮೆಟ್ಟಿಲೂ ಉಳಿಯುವುದಿಲ್ಲ. ಸೀಸನ್ ಮುಗಿದರೆ ಕೆಳಗಿಳಿದು ಮತ್ತೆ ಹತ್ತಬೇಕು. ಮೇಲೆ ಯುಸಿ ಎಂಬ ನಾಣ್ಯಕ್ಕೆ ನಿಜದ ದುಡ್ಡು ಸುರಿದು, ಬಂದೂಕಿಗೆ ಬಣ್ಣದ ಸ್ಕಿನ್ ಬರಬಹುದೆಂದು ಪೆಟ್ಟಿಗೆ ತೆರೆಯುವ ಅದೃಷ್ಟಪರೀಕ್ಷೆ ಬೇರೆ. ಇಷ್ಟೆಲ್ಲ ಮಾಡಿ ಕಟ್ಟಿಕೊಂಡದ್ದೂ ಕೈಯಲ್ಲಿ ಉಳಿಯುವ ಭರವಸೆಯಿಲ್ಲ. 2020ರ ಅಕ್ಟೋಬರ್ 30ಕ್ಕೆ ಪಬ್‌ಜಿ ಸರ್ವರ್ ಭಾರತಕ್ಕೆ ನಿಂತಿತು. ಮರಳಿ ಬಂದದ್ದನ್ನು 2022ರ ಜುಲೈ 28ರಂದು ಮತ್ತೆ ಆ್ಯಪ್ ಅಂಗಡಿಗಳಿಂದ ತೆಗೆದರು. 2023ರ ಮೇಯಲ್ಲಿ ಅದು ಮೂರನೆಯ ಸಲ ಬಂತು. ಹುಡುಗ ‘ನನ್ನ ಐಡಿ’ ಎಂದು ಹೇಳಿಕೊಳ್ಳುವುದು ಅವನದ್ದಲ್ಲ. ಕಂಪನಿ ಬಾಡಿಗೆಗೆ ಕೊಟ್ಟ, ಸರ್ಕಾರ ಒಂದು ಆದೇಶದಲ್ಲಿ ಕಿತ್ತುಕೊಳ್ಳಬಹುದಾದ ಹೆಸರು ಅದು. ಈ ಆಟದ ಮೇಲೆ ನನ್ನ ದೊಡ್ಡ ಆಕ್ಷೇಪ ಇದೇ.

ಪಾತ್ರ ಹೊಕ್ಕು ಹೊರಬರುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹಳ್ಳಿಗಳ ದೊಡ್ಡಾಟದಲ್ಲಿ ದುರ್ಯೋಧನನಾದವನ ನಡಿಗೆಯಲ್ಲಿ ಆ ಗತ್ತು ಆಮೇಲೂ ಉಳಿಯುತ್ತಿತ್ತು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ದಾವಣಗೆರೆಯದೇ. ರಂಗದ ಮೇಲಿನ ಮಾತಿನ ವರಸೆ ಪ್ರೇಕ್ಷಕರ ನಾಲಿಗೆಗೂ ಹತ್ತುತ್ತಿತ್ತು. ಅಮೆರಿಕದ ಭಾಷಾ ವಿದ್ವಾಂಸ ಜೇಮ್ಸ್ ಪಾಲ್ ಗೀ ವಿಡಿಯೊ ಗೇಮುಗಳ ಕುರಿತು 2003ರಲ್ಲಿ ಬರೆದ ಪುಸ್ತಕದಲ್ಲಿ ಆಟಗಾರನಿಗೆ ಮೂರು ಗುರುತುಗಳಿವೆ ಎಂದರು: ನಿಜದ ತಾನು, ತೆರೆಯ ಮೇಲಿನ ಪಾತ್ರ, ಇವೆರಡರ ನಡುವೆ ಆ ಪಾತ್ರ ಎಂಥದ್ದಾಗಬೇಕು ಎಂದು ತಾನು ಆಸೆಪಡುವ ಮೂರನೆಯದು. ನಾಲ್ಕು ವರ್ಷದ ಮೇಲೆ ನಿಕ್ ಯೀ ಮತ್ತು ಜೆರೆಮಿ ಬೇಲೆನ್‌ಸನ್ ಪ್ರಯೋಗ ಮಾಡಿ, ಕಂಪ್ಯೂಟರ್ ಕಟ್ಟಿದ ಲೋಕದಲ್ಲಿ ಎತ್ತರದ ರೂಪ ಸಿಕ್ಕವರು ಹಣ ಹಂಚಿಕೊಳ್ಳುವ ಚೌಕಾಸಿಯಲ್ಲಿ ಹೆಚ್ಚು ಪಟ್ಟು ಹಿಡಿಯುತ್ತಾರೆಂದು ತೋರಿಸಿದರು. ದೊಡ್ಡಾಟದ ಕಲಾವಿದರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ವ್ಯತ್ಯಾಸ ನೋಡುವವರಲ್ಲಿದೆ. ದುರ್ಯೋಧನನನ್ನು ಊರೇ ಕೂತು ನೋಡುತ್ತಿತ್ತು. ಮರುದಿನ ಹೊಲದಲ್ಲಿ ಸಿಕ್ಕಾಗ ‘ರಾತ್ರಿ ಗದೆ ಎತ್ತಿದ್ದು ಭಾರಿ ಇತ್ತಪ್ಪ’ ಎನ್ನುತ್ತಿತ್ತು. ವೇಷದವನನ್ನೂ ವೇಷ ಕಳಚಿದವನನ್ನೂ ಬಲ್ಲ ಜನ ಆ ಎರಡು ಗುರುತುಗಳನ್ನು ಜೋಡಿಸುತ್ತಿದ್ದರು. ಫೋನಿನ ಹುಡುಗನಿಗೆ ಮನೆಯಲ್ಲಿ ಆ ಸಾಕ್ಷಿಯಿಲ್ಲ. ಅಮ್ಮನಿಗೆ ಕಾಣುವುದು ಬಗ್ಗಿದ ಕತ್ತು ಮಾತ್ರ. ಅವನು ಆ ಹೊತ್ತಲ್ಲಿ ಎಷ್ಟು ಚಾಣಾಕ್ಷನಾಗಿದ್ದ, ಎಷ್ಟು ಹೆದರಿದ್ದ, ಯಾರನ್ನು ಉಳಿಸಿದ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಉಳಿಸುವ ಮಾತು ಬಂತಲ್ಲ, ಈ ಆಟದ ಅತ್ಯುತ್ತಮ ಭಾಗ ನನ್ನ ಪ್ರಕಾರ ಅದೇ. ನಾಲ್ವರ ತಂಡದಲ್ಲಿ ಒಬ್ಬನಿಗೆ ಗುಂಡು ಬಿದ್ದರೆ ತಕ್ಷಣ ಸಾಯುವುದಿಲ್ಲ, ನೆಲದ ಮೇಲೆ ತೆವಳುತ್ತಾನೆ. ‘ಲೇ, ನಾಕ್ ಆದೆ, ರಿವೈವ್ ಕೊಡೋ!’ ಗೆಳೆಯ ಬಂದೂಕು ಕೆಳಗಿಟ್ಟು, ಗುಂಡಿಗೆ ಮೈಯೊಡ್ಡಿ, ಹತ್ತು ಸೆಕೆಂಡು ಅಲ್ಲಾಡದೆ ಪಕ್ಕದಲ್ಲಿ ಕೂರಬೇಕು. ಗೆಲ್ಲುವ ಲೆಕ್ಕದಲ್ಲಿ ಎಷ್ಟೋ ಸಲ ಅದು ದಡ್ಡತನ. ಆದರೂ ಹುಡುಗರು ಓಡುತ್ತಾರೆ. ಪಿಯುಸಿ ಮುಗಿಸಿ ಒಬ್ಬ ಬೆಂಗಳೂರಿಗೆ, ಇನ್ನೊಬ್ಬ ಹುಬ್ಬಳ್ಳಿಗೆ ಹೋದ ಗೆಳೆಯರು ರಾತ್ರಿ ಹತ್ತಕ್ಕೆ ಈ ದ್ವೀಪದಲ್ಲಿ ಸೇರಿ ಊರಿನ ಸುದ್ದಿ ಆಡುವುದುಂಟು. ಆ ನಾಲ್ವರಿಗೆ ಇದು ಯುದ್ಧಭೂಮಿಯಲ್ಲ, ಕಟ್ಟೆ.

ಹುಡುಗಿಯರಿಗೆ ಈ ಕಟ್ಟೆ ಇನ್ನೂ ತೆರೆದಿಲ್ಲ. ಗುರುತಿಲ್ಲದವರ ತಂಡದಲ್ಲಿ ಹೆಣ್ಣುದನಿ ಕೇಳಿತೆಂದರೆ ಛೇಡಿಸುವುದು, ನಂಬರ್ ಕೇಳುವುದು ಶುರು. ಹಾಗಾಗಿ ಮೈಕ್ ಮುಚ್ಚಿ, ಗಂಡಿನ ಹೆಸರಿಟ್ಟು ಆಡುವವರು ಹಲವು ದೇಶಗಳಲ್ಲಿದ್ದಾರೆ. ಹುಡುಗ ಅಲ್ಲಿ ಹೊಸ ಗುರುತು ಪಡೆದರೆ, ಹುಡುಗಿ ಇದ್ದ ಗುರುತನ್ನು ಅಡಗಿಸುವುದನ್ನು ಕಲಿಯುತ್ತಾಳೆ. ರಕ್ತಕ್ಕೆ ಹಸಿರು ಬಳಿಯುವಷ್ಟು ಮುತುವರ್ಜಿ ಇದ್ದ ಕಡೆ ಮೊದಲು ಸರಿಯಾಗಬೇಕಿದ್ದುದು ಇದು.

2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ರಮ್ಮಿಯನ್ನೂ ಬ್ಯಾಟಲ್‌ಗ್ರೌಂಡ್ಸ್ ಅನ್ನೂ ಒಂದೇ ಬುಟ್ಟಿಗೆ ಹಾಕಿ ಬೈಯುತ್ತಿದ್ದವರಿಗೆ ಈ ಗೆರೆ ಉಪಯುಕ್ತ. ಆದರೆ ಯಾವ ಆಟ ಬೇಡ ಎನ್ನುವಷ್ಟರಲ್ಲೇ ಕಾನೂನಿನ ಕೆಲಸ ಮುಗಿಯುತ್ತದೆ. ಯಾವ ಆಟ ಬೇಕು ಎಂಬುದನ್ನು ಆಟ ಕಟ್ಟುವವರು ಯೋಚಿಸಬೇಕು.

ನನಗೊಂದು ಆಟ ಬೇಕು. ಭದ್ರಾ ನಾಲೆಯ ಆಟ. ಲಕ್ಕವಳ್ಳಿಯಲ್ಲಿ ಬಿಟ್ಟ ನೀರು ಮಲೇಬೆನ್ನೂರು, ಹರಿಹರ ಕಡೆಯ ಕೊನೇ ಭಾಗದ ಗದ್ದೆಗಳಿಗೆ ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಎಷ್ಟು ತೂಬು, ಎಷ್ಟು ಅಕ್ರಮ ಪಂಪ್‌ಸೆಟ್ಟು! ಆನ್-ಆಫ್ ಪದ್ಧತಿಯಲ್ಲಿ ನೀರು ಬಿಟ್ಟಾಗ ಮೇಲ್ಭಾಗದವನು ತೂಬು ಮುಚ್ಚಿದರಷ್ಟೇ ಕೆಳಗಿನವನ ಭತ್ತ ಉಳಿಯುತ್ತದೆ. ಇಲ್ಲಿಯೂ ನೂರು ಜನ ಇಳಿಯಲಿ. ಒಮ್ಮೆ ಮೇಲ್ಭಾಗದಲ್ಲಿ, ಇನ್ನೊಮ್ಮೆ ಕೊನೇ ಭಾಗದಲ್ಲಿ ಹೊಲ ಸಿಗಲಿ. ಎಲ್ಲಿ ಸಿಗುತ್ತದೆಂದು ಮೊದಲೇ ತಿಳಿಯದಿರಲಿ. ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಿದರೆ ನೂರು ಜನವೂ ಗೆದ್ದರು, ಇಲ್ಲದಿದ್ದರೆ ನೂರು ಜನವೂ ಸೋತರು. ಕೋಡ್ ಬರೆಯಬಲ್ಲವರು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿದ್ದಾರೆ, ಚಿತ್ರ ಬಿಡಿಸಬಲ್ಲವರು ದೃಶ್ಯಕಲಾ ಕಾಲೇಜಿನಲ್ಲಿದ್ದಾರೆ, ನಿಯಮ ಹೇಳಿಕೊಡಬಲ್ಲ ರೈತರು ಮಲೇಬೆನ್ನೂರಿನಲ್ಲಿ ಬೇಕಾದಷ್ಟಿದ್ದಾರೆ.