ಇಲಿಗಳು ಆಮೇಲೆ ಬಂದವು

ಮಾಯಾಕಥೆಯೊಂದನ್ನು ಮಕ್ಕಳಿಗಾಗಿ ಮರಳಿ ಹೇಳಿದ ಪುಸ್ತಕವನ್ನು ಪ್ರೌಢನಾದ ಓದುಗನು ಕೈಗೆತ್ತಿಕೊಂಡಾಗ ಅವನ ಮನಸ್ಸಿನಲ್ಲಿ ಸಾಮಾನ್ಯವಾಗಿ ಮೊದಲು ಏಳುವ ಪ್ರಶ್ನೆ, ಇದರ ಮೂಲ ಯಾವುದು, ಆ ಮೂಲಕ್ಕೆ ಇದು ಎಷ್ಟರಮಟ್ಟಿಗೆ ನಿಷ್ಠವಾಗಿದೆ ಎಂಬುದು. ಶಾಸನವನ್ನೋ ಶಾಸ್ತ್ರಗ್ರಂಥವನ್ನೋ ಪರೀಕ್ಷಿಸುವವನಿಗೆ ಈ ಪ್ರಶ್ನೆ ಭೂಷಣವೇ ಸರಿ. ಆದರೆ ಕಥಾರಸವನ್ನು ಸವಿಯಲು ಬಂದವನು ಇದನ್ನು ಪಾದರಕ್ಷೆಗಳೊಡನೆ ಹೊಸಲಿನಾಚೆಗೆ ಬಿಟ್ಟು ಬರುವುದು ಲೇಸು. ಅವನು ಕೇಳಬೇಕಾದದ್ದು ಬೇರೊಂದು: ಮರಳಿ ಹೇಳಿದವನು ಏನನ್ನು ಸೇರಿಸಿದ, ಯಾವುದನ್ನು ಮುಟ್ಟಲು ಅಂಜಿದ? ಈ ವಿಚಾರವನ್ನು ಅಭ್ಯಾಸಮಾಡಲು ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಕಥೆಗಿಂತ, ಎಂದರೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಮೂಲಕ ನಾವೆಲ್ಲ ಬಲ್ಲ ಕಥೆಗಿಂತ, ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ.

ಆ ಕಥೆಯ ಅತಿ ಹಳೆಯ ನಿರೂಪಣೆಗಳಲ್ಲೊಂದು 15ನೆಯ ಶತಮಾನದ ಲ್ಯಾಟಿನ್ ಹಸ್ತಪ್ರತಿಯೊಂದರಲ್ಲಿದೆ. 1284ನೆಯ ಇಸವಿಯ ಜೂನ್ 26ರಂದು ಮೂವತ್ತರ ಪ್ರಾಯದ, ಅಂದವಾದ ಉಡುಪನ್ನು ತೊಟ್ಟ ಪುರುಷನೊಬ್ಬನು ಸೇತುವೆಯನ್ನು ದಾಟಿ ಊರೊಳಗೆ ಬಂದು, ವಿಚಿತ್ರಾಕೃತಿಯ ಬೆಳ್ಳಿಯ ಕೊಳಲನ್ನು ಊದಿದನೆಂದೂ, ಆ ನಾದವನ್ನು ಕೇಳಿದ 130 ಮಕ್ಕಳು ಅವನ ಬೆನ್ನುಹತ್ತಿ ಹೋಗಿ ಕಣ್ಮರೆಯಾದರೆಂದೂ ಅದು ಹೇಳುತ್ತದೆ. ಇಷ್ಟೇ. ಇಲಿಗಳ ಸುಳಿವೇ ಅಲ್ಲಿಲ್ಲ. ಕೊಟ್ಟ ಮಾತೂ ಇಲ್ಲ, ತಪ್ಪಿದ ಮಾತೂ ಇಲ್ಲ. ಇಲಿಗಳು ನಮಗೆ ಮೊದಲು ಕಾಣಸಿಗುವುದು ಸುಮಾರು ನೂರು ವರ್ಷಗಳ ತರುವಾಯ, 1560ರ ಆಸುಪಾಸಿನ ಒಂದು ವೃತ್ತಾಂತದಲ್ಲಿ. ಕಾರಣವಿಲ್ಲದ ದುಃಖವನ್ನು ಕೇಳುಗರು ಬಹುಕಾಲ ಹೊರಲಾರರಷ್ಟೆ. ಮಕ್ಕಳನ್ನು ಅವನು ಏಕೆ ಒಯ್ದನೆಂದು ತಲೆಮಾರಿನಿಂದ ತಲೆಮಾರಿಗೆ ಕೇಳುತ್ತ ಬಂದವರಿಗೆ, ಹೆಸರು ಉಳಿಯದ ಯಾವನೋ ಕಥೆಗಾರನು, ಇಲಿಗಳನ್ನು ತೊಲಗಿಸಿದ್ದಕ್ಕೆ ಅವನ ಕೂಲಿಯನ್ನು ಊರವರು ಕೊಡಲಿಲ್ಲವೆಂದು ಉತ್ತರವಿತ್ತಿರಬೇಕು. ಇಂದು ನಾವು ಕಥೆಯ ಜೀವವೆಂದೇ ತಿಳಿದಿರುವ ಭಾಗವು ಹೀಗೆ ಮರಳಿ ಹೇಳಿದವರ ಕೊಡುಗೆ. ಇದನ್ನು ಅರಿತ ಮೇಲೆ ಮೂಲನಿಷ್ಠೆಯ ಮಾತನ್ನಾಡಲು ನಾಲಗೆ ತುಸು ತಡವರಿಸುತ್ತದೆ.

ಗ್ರಿಮ್ ಸಹೋದರರು ಇದನ್ನು 1816ರಲ್ಲಿ ತಮ್ಮ ಐತಿಹ್ಯಗಳ ಸಂಗ್ರಹಕ್ಕೆ ಸೇರಿಸಿದರು. ಆಂಗ್ಲ ಕವಿ ರಾಬರ್ಟ್ ಬ್ರೌನಿಂಗ್ ಇದನ್ನು ಪದ್ಯವಾಗಿಸಿದ್ದು, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ, ನಟ ಮೆಕ್ರೆಡಿಯ ಮಗನಾದ ಬಾಲಕನಿಗೆ ಚಿತ್ರ ಬರೆಯಲೊಂದು ವಸ್ತು ಸಿಗಲೆಂದು. 1842ರಲ್ಲಿ ಅದು ಅಚ್ಚಾಯಿತು. ಅಲ್ಲಿಯ ಲೆಕ್ಕವನ್ನು ಗಮನಿಸಿರಿ: ಕೊಳಲಿನವನು ಕೇಳುವುದು ಸಾವಿರ ನಾಣ್ಯ, ಇಲಿಗಳ ಕಾಟಕ್ಕೆ ಬೆದರಿದ ಪುರಪ್ರಮುಖರು ಕೊಡುವೆವೆನ್ನುವುದು ಐವತ್ತು ಸಾವಿರ, ಇಲಿಗಳು ವೇಸರ್ ನದಿಯಲ್ಲಿ ಮುಳುಗಿದ ಮೇಲೆ ನೀಡಬರುವುದು ಐವತ್ತು. ಮಾನವಸ್ವಭಾವವನ್ನು ಕುರಿತ ಒಂದು ಪ್ರಬಂಧಕ್ಕೆ ಸಾಲುವಷ್ಟು ಸಾಮಗ್ರಿಯು ಮೂರು ಅಂಕಿಗಳಲ್ಲಿ ಅಡಗಿದೆ, ಅದೂ ಒಂದು ಉಪದೇಶವಾಕ್ಯದ ಹಂಗಿಲ್ಲದೆ.

ಇನ್ನು ಕುವೆಂಪು. ಅವರು ಪಟ್ಟಣವನ್ನು ತುಂಗೆಯ ದಡಕ್ಕೆ ತಂದದ್ದೂ, ಪುರಪ್ರಮುಖನ ಜಾಗದಲ್ಲಿ ಗೌಡನನ್ನು ಕೂರಿಸಿದ್ದೂ ಯಾರಿಗಾದರೂ ಕಾಣುವಂಥವು. ರಸಿಕನು ನಿಂತು ನೋಡಬೇಕಾದದ್ದು ವಾದ್ಯದ ಬದಲಾವಣೆಯನ್ನು. ಕೊಳಲನ್ನೇ ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು? ಕನ್ನಡದ ಮಗುವಿನ ಕಣ್ಣೆದುರಿಗೆ ಆ ಕ್ಷಣವೇ ಗೋಕುಲವು ಬಂದು ನಿಲ್ಲುತ್ತಿತ್ತು. ಕರೆದವನು ಕೃಷ್ಣನಾದರೆ ಹಿಂದೆ ಹೋಗಲು ಭಯವೆಲ್ಲಿಯದು? ಆದುದರಿಂದ ಕೊಳಲು ಹೋಗಿ ಕಿಂದರಿ ಬಂದಿತು. ಸೋರೆಬುರುಡೆಯ ಆ ತಂತಿವಾದ್ಯವನ್ನು ಹೆಗಲಿಗೇರಿಸಿ, ಊರೂರು ಅಲೆದು, ಮನೆಬಾಗಿಲಲ್ಲಿ ಕಥೆ ಹಾಡಿ ಜೋಳಿಗೆಗೆ ಕಾಳು ಪಡೆಯುತ್ತಿದ್ದ ಜೋಗಿಯನ್ನು ನನ್ನ ಬಾಲ್ಯದಲ್ಲಿ ನಾನು ನಡುಮನೆಯ ಕಂಬದ ಮರೆಯಿಂದಲೇ ನೋಡುತ್ತಿದ್ದೆ. ಹಾಡು ಬೇಕು, ಹತ್ತಿರ ಹೋಗಲು ಮಾತ್ರ ಧೈರ್ಯವಿಲ್ಲ. ಆಕರ್ಷಣೆ ಭೀತಿಗಳೆರಡೂ ಬೆರೆತ ಆ ವ್ಯಕ್ತಿಯನ್ನು ಕವಿಯು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅವನು ಆಗಲೇ ಜಗಲಿಯಲ್ಲಿ ಕುಳಿತಿದ್ದ.

ಅಂತೆಯೇ ಆ ಪದ್ಯದ ಇಲಿಗಳ ಮೆರವಣಿಗೆ. ಬ್ರೌನಿಂಗನ ಇಲಿಗಳಲ್ಲಿಯೂ ತಂದೆತಾಯಿಗಳೂ ನೆಂಟರೂ ಇದ್ದಾರೆ. ಆದರೆ ಬಾಂಧವ್ಯವನ್ನು ಸೂಚಿಸುವ ಒಂದೊಂದು ಪದದ ತುದಿಗೂ ಇಲಿಯನ್ನು ಅಂಟಿಸಿ ಒಂದೇ ಉಸಿರಿನ ಪದವನ್ನಾಗಿ ಮಾಡುವ ಸೌಕರ್ಯವು ಕನ್ನಡದ ಸಂಧಿಗೆ ಉಂಟು, ಕುವೆಂಪು ಅದನ್ನು ಮನದಣಿಯೆ ಬಳಸಿಕೊಂಡರು. ಕಣ್ಣಿನಿಂದ ಮಾತ್ರ ಓದಿದವನಿಗೆ ಅದು ಬರಿಯ ಪಟ್ಟಿ. ಗಟ್ಟಿಯಾಗಿ ಓದಿದರೆ ಅಡಕಲು ಗಡಿಗೆಗಳ ಹಿಂದಿನಿಂದ ಅವಿಭಕ್ತ ಕುಟುಂಬವೊಂದೇ ಹೊರಟುಬಂದಂತಾಗಿ ಮಕ್ಕಳು ಬಿದ್ದುಬಿದ್ದು ನಗುತ್ತಾರೆ.

ಮಾಯೆಯ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕು. ಇಲಿಗಳನ್ನೂ ಮಕ್ಕಳನ್ನೂ ಸೆಳೆಯಬಲ್ಲವನು ಗೌಡನ ಪೆಟ್ಟಿಗೆಯಿಂದ ಹಣವನ್ನೇಕೆ ಸೆಳೆಯಲಿಲ್ಲ? ಅವನ ನಾದವು ಜೀವವಿರುವುದನ್ನು ಕರೆಯಬಲ್ಲುದು, ಲೋಹವನ್ನು ಕರೆಯಲಾರದು. ಆ ಮಿತಿಯಿಂದಲೇ ಅವನು ಕೂಲಿಗಾಗಿ ಮನುಷ್ಯರ ಮಾತನ್ನು ನಂಬಬೇಕಾಯಿತು, ಕಥೆಯೂ ಹುಟ್ಟಿತು. ಎಲ್ಲವನ್ನೂ ಮಾಡಬಲ್ಲ ಮಾಂತ್ರಿಕನನ್ನು ತಂದು ನಿಲ್ಲಿಸುವ ಪುಸ್ತಕಗಳು ಎರಡನೆಯ ಓದಿಗೆ ಸಪ್ಪೆಯಾಗುವುದು ಇದಕ್ಕಾಗಿಯೇ.

ಈಚೆಗೆ ಇದೇ ಕಥೆಯನ್ನು ಹೇಳುವ ಮಕ್ಕಳ ಚಿತ್ರಪುಸ್ತಕವೊಂದು ನನ್ನ ಕೈಗೆ ಬಂದಿತು. ಅದನ್ನು ಬರೆದವರು ಕರುಣಾಳುಗಳು. ಊರವರು ಅತ್ತು ಕರೆದೊಡನೆ ಮಕ್ಕಳನ್ನು ನುಂಗಿದ್ದ ಬೆಟ್ಟ ಬಾಯಿತೆರೆದು ಅವರನ್ನು ಹಿಂದಿರುಗಿಸುತ್ತದೆ, ಎಲ್ಲರೂ ಪಾಯಸವುಣ್ಣುತ್ತಾರೆ. ಓದಿ ಮುಗಿಸಿದಾಗ ನನ್ನ ಮೊಮ್ಮಗಳು ಕೇಳಿದ್ದು ಇಷ್ಟು: “ಅಜ್ಜಾ, ಹಾಗಾದರೆ ಅವನ ದುಡ್ಡು?” ನಾನು ಪುಟಗಳನ್ನು ತಿರುವಿಹಾಕಿದೆ, ದುಡ್ಡು ಎಲ್ಲಿಯೂ ಇರಲಿಲ್ಲ. ಮುಕ್ತಾಯವನ್ನು ಮೃದುಗೊಳಿಸುವುದೇ ಅಪರಾಧವೆಂದು ನನ್ನ ಅಭಿಪ್ರಾಯವಲ್ಲ. 1697ರಲ್ಲಿ ಫ್ರಾನ್ಸಿನ ಪೆರೋ ಹೇಳಿದ ಕೆಂಪು ಕುಲಾವಿಯ ಹುಡುಗಿಯ ಕಥೆಯು ತೋಳವು ಅವಳನ್ನು ನುಂಗುವಲ್ಲಿಗೆ ಮುಗಿಯುತ್ತದೆ. 1812ರ ಗ್ರಿಮ್ ಸಂಗ್ರಹದಲ್ಲಿ ಬೇಟೆಗಾರನು ಬಂದು ತೋಳದ ಹೊಟ್ಟೆಯನ್ನು ಕತ್ತರಿಯಿಂದ ಸೀಳಿ ಅವಳನ್ನು ಉಳಿಸುತ್ತಾನೆ. ಆದರೆ ಅಲ್ಲಿ ಹುಡುಗಿಯು ಹೊರಗೆ ಬಂದ ಜಾಗಕ್ಕೆ ಭಾರವಾದ ಕಲ್ಲುಗಳನ್ನು ತುಂಬುತ್ತಾರೆ, ಆ ಭಾರದಿಂದಲೇ ತೋಳ ಸಾಯುತ್ತದೆ. ಕಥೆ ತನ್ನ ಬಾಕಿಯನ್ನು ತೀರಿಸಿಕೊಂಡಿತು. ಪಾಯಸದ ಪುಸ್ತಕದಲ್ಲಿ ಬಾಕಿ ಹಾಗೆಯೇ ಉಳಿಯಿತು, ಆರು ವರ್ಷದ ಮಗು ಅದನ್ನು ಕಂಡುಹಿಡಿಯಿತು.

ಆದುದರಿಂದ ಹೊಸದಾಗಿ ಈ ದಾರಿಗೆ ಬಂದವರಲ್ಲಿ ನನ್ನ ವಿಜ್ಞಾಪನೆ: ಕಿಂದರಿಜೋಗಿಯನ್ನು ಮಗುವಿನೆದುರಿಗೆ ಗಟ್ಟಿಯಾಗಿ ಓದಿರಿ, ಓದಿ ಮುಗಿದೊಡನೆ ಅರ್ಥ ಹೇಳಲು ಹೊರಡದೆ ಸ್ವಲ್ಪ ಹೊತ್ತು ಸುಮ್ಮನಿರಿ. ಹ್ಯಾಮೆಲಿನ್ನಿನ ಜನರು ಮಾಡಿದ್ದೂ ಅದನ್ನೇ. ಮಕ್ಕಳು ಹಾದುಹೋದರೆನ್ನಲಾದ ಬೀದಿಯೊಂದು ಆ ಊರಿನಲ್ಲಿ ಇಂದಿಗೂ ಇದೆ. ಅಲ್ಲಿ ವಾದ್ಯ ನುಡಿಸುವಂತಿಲ್ಲ. ಮದುವಣಗಿತ್ತಿಯ ದಿಬ್ಬಣವಾದರೂ ಆ ಬೀದಿಯನ್ನು ಮೌನವಾಗಿ ದಾಟಬೇಕಾಗಿತ್ತೆಂದು ಗ್ರಿಮ್ ಸಹೋದರರು ಬರೆದಿಟ್ಟಿದ್ದಾರೆ.