ಪರದೆಯ ಮೇಲಿನ ಹಲ್ಲು, ಬಾಯೊಳಗಿನ ಹಲ್ಲು

ಹಲ್ಲು ನೇರ ಮಾಡುವ ಪಾರದರ್ಶಕ ಪ್ಲಾಸ್ಟಿಕ್ ಅಲೈನರ್ ಹಾಕಿಸಿಕೊಳ್ಳಲು ಬಂದವರನ್ನು ಒಪ್ಪಿಸುವುದು ಬಹುಪಾಲು ಒಂದು ವಿಡಿಯೋ. ಬಾಯಿಯ ಸ್ಕ್ಯಾನ್ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಅವರದೇ ಹಲ್ಲುಗಳು ಮೂಡುತ್ತವೆ. ಸೊಟ್ಟಗಿದ್ದ ಬಾಚಿಹಲ್ಲು ಮೆಲ್ಲಗೆ ತಿರುಗುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ, ನೋಡನೋಡುತ್ತ ಸಾಲು ನೇರವಾಗುತ್ತದೆ. ನೋಡಿದವರು ಅದನ್ನೇ ಫಲಿತಾಂಶ ಎಂದುಕೊಳ್ಳುತ್ತಾರೆ. ಆದರೆ ಅದು, ಯಾವ ಹಲ್ಲನ್ನು ಯಾವ ದಿಕ್ಕಿಗೆ, ಯಾವ ಕ್ರಮದಲ್ಲಿ ಒತ್ತಬೇಕು ಎಂಬ ಯೋಜನೆ ಮಾತ್ರ. ಈ ವ್ಯತ್ಯಾಸವನ್ನು ಬಿಡಿಸಿ ಹೇಳದೆ ಹಣ ಕಟ್ಟಿಸಿಕೊಳ್ಳುವುದೇ ಇವತ್ತಿನ ಅಲೈನರ್ ಚಿಕಿತ್ಸೆಯ ದೊಡ್ಡ ದೋಷ. ಪ್ಲಾಸ್ಟಿಕ್ಕಿನ ಕುಂದುಕೊರತೆಗಳೆಲ್ಲ ಆಮೇಲಿನ ಮಾತು.

ಉಪಕರಣದ ಹಿಂದಿನ ಯೋಚನೆ ನಿಜಕ್ಕೂ ಸೊಗಸಾದದ್ದು. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಕಾಲು ಮಿಲಿಮೀಟರಿನ ಆಸುಪಾಸು ದಪ್ಪವಿರುವ ನಾರಿನ ಪದರವಿದೆ. ಹಲ್ಲನ್ನು ಹದವಾಗಿ, ಬಿಡದೆ ಒಂದು ಕಡೆಗೆ ಒತ್ತಿ ಹಿಡಿದರೆ ಆ ಬದಿಯ ಮೂಳೆಯನ್ನು ಕೆಲವು ಜೀವಕೋಶಗಳು ಕರಗಿಸುತ್ತವೆ. ನಾರು ಬಿಗಿಯುವ ಇನ್ನೊಂದು ಬದಿಯಲ್ಲಿ ಬೇರೆ ಜೀವಕೋಶಗಳು ಹೊಸ ಮೂಳೆ ಕಟ್ಟುತ್ತವೆ. ಹಲ್ಲು ಸರಿಯುವುದು ಹೀಗೆ. ಅಲೈನರ್ ತಯಾರಿಸುವಾಗ ಹಲ್ಲು ಈಗಿರುವ ಜಾಗದಿಂದ ಸುಮಾರು 0.25 ಮಿಲಿಮೀಟರ್ ಮುಂದಿರುವಂತೆ ಅಚ್ಚು ಮಾಡುತ್ತಾರೆ. ಬಿಸಿ ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಅಚ್ಚಿನ ಮೇಲೆ ಕೂರಿಸಿ ಕತ್ತರಿಸುತ್ತಾರೆ. ಹಾಕಿಕೊಂಡಾಗ ಅದು ಬಿಗಿಯಾಗಿ ಕಚ್ಚುತ್ತದೆ, ತನ್ನ ಮೂಲ ಆಕಾರಕ್ಕೆ ಮರಳಲು ಹವಣಿಸುತ್ತ ಹಲ್ಲನ್ನು ತಳ್ಳುತ್ತದೆ. ಒಂದೆರಡು ವಾರಕ್ಕೆ ಮುಂದಿನ ಅಲೈನರ್, ಅಂದರೆ ಮುಂದಿನ ಟ್ರೇ.

ಇದು ತೀರಾ ಹೊಸ ಯೋಚನೆಯೇನಲ್ಲ. ಅಮೆರಿಕದ ಎಚ್. ಡಿ. ಕೆಸ್ಲಿಂಗ್ 1945ರಲ್ಲೇ ರಬ್ಬರಿನ ಸಾಧನವೊಂದನ್ನು ವಿವರಿಸಿ, ಇಂಥವನ್ನು ಒಂದರ ನಂತರ ಒಂದರಂತೆ ಬಳಸಿ ಹಲ್ಲುಗಳನ್ನು ದೂರಕ್ಕೂ ಸರಿಸಬಹುದು ಎಂದು ಊಹಿಸಿದ್ದರು. ಪ್ರತಿ ಹಂತಕ್ಕೂ ಕೈಯಿಂದ ಅಚ್ಚು ಮಾಡುವುದು ಆಗ ಆಗದ ಮಾತು. 1997ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಿಯಾ ಚಿಶ್ತಿ ಮತ್ತು ಕೆಲ್ಸಿ ವರ್ತ್ ಅಲೈನ್ ಟೆಕ್ನಾಲಜಿ ಕಂಪನಿ ಕಟ್ಟಿ, ಆ ಕೆಲಸವನ್ನು ಕಂಪ್ಯೂಟರಿಗೂ ತ್ರಿಡಿ ಮುದ್ರಣಕ್ಕೂ ವಹಿಸಿದರು. ಇನ್ವಿಸಲೈನ್ ಎಂಬ ಅಲೈನರ್ ಹುಟ್ಟಿದ್ದು ಅಲ್ಲಿ.

ತೊಡಕು ಶುರುವಾಗುವುದು ಪ್ಲಾಸ್ಟಿಕ್ ಹಲ್ಲನ್ನು ಹಿಡಿಯುವ ರೀತಿಯಲ್ಲಿ. ನೆಲಕ್ಕೆ ನೆಟ್ಟ ಗೂಟದ ತಲೆಯನ್ನು ತಳ್ಳಿದರೆ ಗೂಟ ವಾಲುತ್ತದೆಯೇ ಹೊರತು ನಿಂತ ನಿಲುವಿನಲ್ಲೇ ಪಕ್ಕಕ್ಕೆ ಸರಿಯುವುದಿಲ್ಲ. ಅಲೈನರ್ ಮುಟ್ಟುವುದು ಹಲ್ಲಿನ ತಲೆಯನ್ನು ಮಾತ್ರ. ಹಾಗಾಗಿ ವಾಲಿಸುವ ಕೆಲಸ ಅದಕ್ಕೆ ಸುಲಭ. ಬೇರನ್ನೂ ಜೊತೆಗೆ ಒಯ್ಯುವುದು ಕಷ್ಟ. ಹಲ್ಲು ಕೀಳಿಸಿ ಉಬ್ಬುಹಲ್ಲನ್ನು ಹಿಂದಕ್ಕೆ ತರಬೇಕಾದಾಗ ಈ ಕಷ್ಟ ಎದ್ದು ಕಾಣುತ್ತದೆ: ಖಾಲಿ ಜಾಗದ ಎರಡೂ ಕಡೆಯ ಹಲ್ಲುಗಳು ಅದರೊಳಕ್ಕೆ ವಾಲಿಕೊಂಡು ಬರುತ್ತವೆ. ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳು ಗುಂಡಗಿರುವುದರಿಂದ ಅವನ್ನು ತಿರುಗಿಸಹೋದರೆ ಪ್ಲಾಸ್ಟಿಕ್ ಜಾರುತ್ತದೆ. ಹಲ್ಲನ್ನು ಒಸಡಿನಿಂದ ಹೊರಕ್ಕೆ ಇಳಿಸುವುದು ಇನ್ನೂ ಕಷ್ಟ, ಏಕೆಂದರೆ ಎಳೆಯಲು ಹಿಡಿತವೇ ಇಲ್ಲ. ಹಿಡಿತಕ್ಕೆಂದು ಹಲ್ಲಿನ ಮೇಲೆ ಅದೇ ಬಣ್ಣದ ಸಣ್ಣ ಗುಬ್ಬಿಗಳನ್ನು ಅಂಟಿಸುತ್ತಾರೆ. ‘ಏನೂ ಕಾಣುವುದಿಲ್ಲ’ ಎಂಬ ಜಾಹೀರಾತು ನಂಬಿ ಬಂದವರಿಗೆ ಈ ಗುಬ್ಬಿಗಳು, ಹಲ್ಲುಗಳ ನಡುವೆ ಜಾಗ ಮಾಡಲು ಎನಾಮೆಲ್ಲನ್ನು ತುಸು ತೇಯುವ ಕ್ರಮ, ಎರಡೂ ಹಣ ಕಟ್ಟಿದ ಮೇಲೆ ತಿಳಿಯುವುದೇ ಹೆಚ್ಚು.

ನಮ್ಮ ಕಡೆಗೆ ಇಲ್ಲೊಂದು ವಿಶೇಷ ಸಂಗತಿಯಿದೆ. ಪಾವಗಡ, ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಎನಾಮೆಲ್‌ಗೆ ಅಂಟು ಸರಿಯಾಗಿ ಹಿಡಿಯದಿರಬಹುದು. ಗುಬ್ಬಿ ಉದುರಿದರೆ ಆ ಹಲ್ಲಿನ ಮಟ್ಟಿಗೆ ಯೋಜನೆ ನಿಂತಂತೆ. ತಂತಿಯ ಕ್ಲಿಪ್ಪಿಗೂ ಈ ತೊಂದರೆ ಇದ್ದದ್ದೇ, ಆದರೆ ಕ್ಲಿಪ್ ಬಿದ್ದರೆ ತಕ್ಷಣ ಗೊತ್ತಾಗುತ್ತದೆ. ಟ್ರೇಯ ಒಳಗಿನ ಗುಬ್ಬಿ ಬಿದ್ದದ್ದು ಎಷ್ಟೋ ದಿನ ಗಮನಕ್ಕೇ ಬಾರದೆ ಹೋಗಬಹುದು.

ಯೋಜಿಸಿದ್ದಕ್ಕೂ ಆದದ್ದಕ್ಕೂ ಇರುವ ಅಂತರವನ್ನು ಅಳೆದವರಿದ್ದಾರೆ. ನೀಲ್ ಕ್ರಾವಿಟ್ಜ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂಭಾಗದ ಹಲ್ಲುಗಳಿಗೆ ಇನ್ವಿಸಲೈನ್ ಪರದೆಯಲ್ಲಿ ತೋರಿಸಿದ ಚಲನೆಯ ಸರಾಸರಿ ಶೇ. 41ರಷ್ಟು ಮಾತ್ರ ಬಾಯಲ್ಲಿ ಆಗಿತ್ತು. ಹಲ್ಲನ್ನು ಹೊರಕ್ಕೆ ಇಳಿಸುವ ಕೆಲಸದಲ್ಲಿ ಅದು ಶೇ. 30ರ ಹತ್ತಿರ. ಪ್ಲಾಸ್ಟಿಕ್, ತಂತ್ರಾಂಶ ಎರಡೂ ಸುಧಾರಿಸಿದ ಮೇಲೆ, 2020ರ ಅದೇ ಬಗೆಯ ಅಧ್ಯಯನದಲ್ಲಿ ಸರಾಸರಿ ಶೇ. 50ಕ್ಕೆ ಏರಿತು. ಇದರಿಂದ ಚಿಕಿತ್ಸೆಯೇ ಅರ್ಧ ವಿಫಲ ಎಂದು ಹೇಳಿದರೆ ತಪ್ಪಾಗುತ್ತದೆ. ಅನುಭವಿ ತಜ್ಞರು ಈ ಕೊರತೆಯನ್ನು ಲೆಕ್ಕಕ್ಕಿಟ್ಟು ಬೇಕಾದ್ದಕ್ಕಿಂತ ಹೆಚ್ಚಿನ ಚಲನೆ ಯೋಜಿಸುತ್ತಾರೆ, ನಡುವೆ ಮತ್ತೆ ಸ್ಕ್ಯಾನ್ ಮಾಡಿ ಹೊಸ ಸೆಟ್ ತರಿಸುತ್ತಾರೆ. ಮೊದಲ ದಿನ ಹೇಳಿದ ತಿಂಗಳುಗಳು ಹಿಗ್ಗುವುದು ಇದರಿಂದ. ಮೂಳೆ ಕರಗಿ ಕಟ್ಟಿಕೊಳ್ಳುವ ವೇಗ ತಂತಿಗೂ ಪ್ಲಾಸ್ಟಿಕ್ಕಿಗೂ ಒಂದೇ ಆದ್ದರಿಂದ, ‘ಬೇಗ ಮುಗಿಯುತ್ತದೆ’ ಎಂಬ ಮಾತನ್ನೂ ನಾನು ಸುಲಭವಾಗಿ ನಂಬಲಾರೆ.

ಹಾಕಿಕೊಳ್ಳುವವರ ಪಾಲಿನ ಕೆಲಸವೂ ಸಣ್ಣದಲ್ಲ. ದಿನಕ್ಕೆ 20ರಿಂದ 22 ಗಂಟೆ ಟ್ರೇ ಬಾಯಲ್ಲಿರಬೇಕು. ನೀರು ಬಿಟ್ಟು ಬೇರೇನು ತಿಂದರೂ ಕುಡಿದರೂ ತೆಗೆಯಬೇಕು, ಹಲ್ಲುಜ್ಜಿ ಮತ್ತೆ ಹಾಕಬೇಕು. ಬೆಳಗಿನ ಕಾಫಿ, ತಿಂಡಿ, ಹನ್ನೊಂದರ ಕಾಫಿ, ಊಟ, ಸಂಜೆಯ ಚಹಾ, ರಾತ್ರಿ ಊಟ ಎಂದು ದಿನ ಕಳೆಯುವ ನಮ್ಮವರಿಗೆ ಉಳಿದ ಎರಡರಿಂದ ನಾಲ್ಕು ಗಂಟೆ ಮಧ್ಯಾಹ್ನದ ಊಟಕ್ಕೆಲ್ಲ ಖರ್ಚಾಗಿಬಿಡುತ್ತದೆ. ಬಿಸಿ ಕಾಫಿ ಪ್ಲಾಸ್ಟಿಕ್ಕನ್ನು ಸೊಟ್ಟಗಾಗಿಸಬಲ್ಲದು, ಕಲೆಯಂತೂ ಖಂಡಿತ. ಸಕ್ಕರೆ ಹಾಕಿದ್ದನ್ನು ಟ್ರೇ ಇಟ್ಟುಕೊಂಡೇ ಕುಡಿದರೆ ಅದು ಹಲ್ಲಿಗೂ ಪ್ಲಾಸ್ಟಿಕ್ಕಿಗೂ ನಡುವೆ ಸಿಕ್ಕಿಕೊಂಡು ಹುಳುಕಿಗೆ ದಾರಿ ಮಾಡುತ್ತದೆ.

ಇಷ್ಟೆಲ್ಲ ಹೇಳಿದರೂ, ಅಲೈನರ್ ಸರಿಯಾದ ಆಯ್ಕೆಯಾಗುವ ಬಾಯಿಗಳು ಬೇಕಾದಷ್ಟಿವೆ. ಕೊಂಚ ಇಕ್ಕಟ್ಟಾದ ಮುಂಭಾಗದ ಹಲ್ಲುಗಳು, ಸಣ್ಣ ಸಂದುಗಳು, ಹಿಂದೆ ಕ್ಲಿಪ್ ಹಾಕಿಸಿಯೂ ಮತ್ತೆ ಸರಿದ ಹಲ್ಲು, ಇವಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ತಂತಿ ಚುಚ್ಚುವುದಿಲ್ಲ, ಬ್ರಷ್ ಎಲ್ಲ ಕಡೆಗೂ ಹೋಗುತ್ತದೆ. ಪ್ಲಾಸ್ಟಿಕ್ಕಿನ ದಪ್ಪ ದವಡೆಹಲ್ಲುಗಳ ನಡುವೆ ಸದಾ ಇರುವುದರಿಂದ ಅವು ತುಸು ಒಳಕ್ಕೆ ಅದುಮಿಕೊಳ್ಳುತ್ತವೆ. ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದವರಿಗೆ ಇದರಿಂದ ಲಾಭ. ಅದೇ ಗುಣ ಬೇರೆ ಕೆಲವರಿಗೆ ತೊಂದರೆ: ಚಿಕಿತ್ಸೆ ಮುಗಿದಾಗ ಮುಂದಿನ ಸಾಲು ನೇರವಾಗಿರುತ್ತದೆ, ಹಿಂದಿನ ಹಲ್ಲುಗಳು ಕಚ್ಚಿಕೊಳ್ಳುವುದೇ ಇಲ್ಲ. ಇನ್ನು ದವಡೆಯ ಮೂಳೆಯೇ ಹಿಂದೆ ಮುಂದೆ ಇರುವ ವಯಸ್ಕರಿಗೆ ಅಲೈನರ್ ಒಂದರಿಂದಲೇ ಪರಿಹಾರವಿಲ್ಲ.

ಬಂದವರ ಬಾಯಿ ಇವುಗಳಲ್ಲಿ ಯಾವ ಬಗೆಯದು ಎಂದು ಹೇಳಲು ಎಕ್ಸ್‌ರೇ ಬೇಕು, ಒಸಡಿನ ಪರೀಕ್ಷೆ ಬೇಕು, ಕಚ್ಚಿಸಿ ನೋಡುವ ಕಣ್ಣು ಬೇಕು. ಸ್ಕ್ಯಾನ್ ಹಲ್ಲಿನ ಮೇಲ್ಮೈಯನ್ನಷ್ಟೇ ತೋರಿಸುತ್ತದೆ, ಬೇರಿನ ಸುತ್ತ ಮೂಳೆ ಸವೆದಿದ್ದರೆ ಅದರಲ್ಲಿ ಕಾಣುವುದಿಲ್ಲ. ಸವೆದ ಮೂಳೆಯಲ್ಲಿ ಹಲ್ಲನ್ನು ತಳ್ಳಿದರೆ ಹಲ್ಲೇ ಸಡಿಲಾಗಬಹುದು. ಮನೆಗೇ ಟ್ರೇ ಕಳಿಸಿ, ವೈದ್ಯರ ಮುಖ ನೋಡದೆಯೇ ಹಲ್ಲು ನೇರ ಮಾಡುವ ದಾರಿಯನ್ನು ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ದೊಡ್ಡದಾಗಿ ಮಾರಿತು. 2023ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ, ಚಿಕಿತ್ಸೆಯ ನಡುವೆ ಇದ್ದವರು ಅಲ್ಲೇ ಉಳಿದರು. ಕಂಪನಿ ಉಳಿದಿದ್ದರೂ ಆ ಪದ್ಧತಿಯನ್ನು ನಾನು ಒಪ್ಪುತ್ತಿರಲಿಲ್ಲ, ಏಕೆಂದರೆ ಅಲ್ಲಿ ಬಿಟ್ಟುಹೋದದ್ದು ರೋಗನಿರ್ಣಯ.

ನಮ್ಮಲ್ಲಿ ಬಿಡಿಎಸ್ ಮುಗಿಸಿ ಮೂರು ವರ್ಷ ಇದನ್ನೇ ಓದಿದ ಎಂಡಿಎಸ್ ವಕ್ರದಂತ ತಜ್ಞರಿದ್ದಾರೆ. ಅವರೆದುರು ವಿಡಿಯೋ ನೋಡುವಾಗ ಕೇಳಬೇಕಾದದ್ದು ಹಲವು. ಇದರಲ್ಲಿ ಯಾವ ಹಲ್ಲಿನ ಚಲನೆ ಆಗದೆ ಉಳಿಯಬಹುದು? ಆಗ ಹೊಸ ಸೆಟ್ಟಿಗೆ ಬೇರೆ ಹಣವೇ? ಕೊನೆಗೆ ಸ್ವಲ್ಪ ದಿನ ತಂತಿ ಹಾಕಬೇಕಾಗಿ ಬಂದರೆ ಹಾಕಿಕೊಡುತ್ತೀರಾ? ಕೊನೆಯ ಟ್ರೇ ಆದಮೇಲೂ ಒಸಡಿನ ನಾರುಗಳು ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ. ಹಾಗಾಗಿ ರಾತ್ರಿಹೊತ್ತು ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕಿ ಮಲಗುವುದು ವರ್ಷಗಟ್ಟಲೆ ತಪ್ಪುವುದಿಲ್ಲ. ಅದು ಒಡೆದಾಗ, ಕಳೆದಾಗ ಬದಲಿಸುವ ಖರ್ಚನ್ನೂ ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕು.