ಹೋಸ್ಟಾ ಎಲೆಯನ್ನು ನೋಡುವ ಬಗೆ

ಹೋಸ್ಟಾ ನೋಡಲು ಹೊರಟವರು ಹೂವಿನ ಆಸೆ ಬಿಡಬೇಕು. ಜಪಾನ್, ಕೊರಿಯಾ, ಚೀನಾಗಳ ಈ ನೆರಳುಗಿಡ ಬೇಸಿಗೆಯಲ್ಲಿ ತಿಳಿನೇರಳೆ ಹೂದಂಟು ಎತ್ತುತ್ತದೆ, ನಿಜ. ಯುರೋಪ್, ಅಮೆರಿಕದ ತೋಟಗಾರರು ಮನಸೋತದ್ದು ಮಾತ್ರ ಎಲೆಗೆ, ಅದರಲ್ಲೂ ಎರಡು ಬಣ್ಣದ ಎಲೆಗೆ.

ಬಿಳಿ ಅಂಚಿನ ‘ಪೇಟ್ರಿಯಟ್’ ತಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಹಸಿರೂ ಬಿಳಿಯೂ ಸೇರುವ ಗಡಿಯಲ್ಲಿ ಬೂದುಹಸಿರಿನ ಗೀಟುಗಳು ಕಾಣುತ್ತವೆ. ಎಲೆಯೊಳಗಿನ ಪದರಗಳು ಒಂದರ ಮೇಲೊಂದು ಹಾಯ್ದ ಜಾಗವದು. ಚಿಗುರಿನ ತುದಿಯಲ್ಲಿ ಜೀವಕೋಶಗಳು ಪದರ ಪದರವಾಗಿರುತ್ತವೆ. ಅವುಗಳಲ್ಲೊಂದು ಪತ್ರಹರಿತ್ತು ಮಾಡುವ ಶಕ್ತಿ ಕಳೆದುಕೊಂಡರೆ ಅದರಿಂದ ಬೆಳೆದದ್ದೆಲ್ಲ ಬಿಳಿ. ಹಸಿರು ದುಡಿದು ಬಿಳಿಯನ್ನು ಸಾಕುತ್ತದೆ. ಬೀಜ ಬಿತ್ತಿದರೆ ಈ ಕೂಟ ಉಳಿಯದು. ಬುಡ ಒಡೆದೇ ನೆಡಬೇಕು.

ತಿಂಗಳು ಬಿಟ್ಟು ಮತ್ತೆ ನೋಡಿ. ಹೊಸಬರು ತಪ್ಪಿಸಿಕೊಳ್ಳುವುದು ಇದನ್ನೇ. ‘ಫಾರ್ಚುನಿ ಆಲ್ಬೊಪಿಕ್ಟಾ’ ವಸಂತದಲ್ಲಿ ಹಳದಿ ಒಡಲು, ಹಸಿರು ಅಂಚು ಹೊತ್ತು ಬರುತ್ತದೆ. ಬೇಸಿಗೆಗೆ ಇಡೀ ಎಲೆ ಹಸಿರು. ‘ಗೋಲ್ಡ್ ಸ್ಟ್ಯಾಂಡರ್ಡ್’ ಹಸಿರಾಗಿ ಹುಟ್ಟಿ ಬಂಗಾರಕ್ಕೆ ತಿರುಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ‘ಜೂನ್’, ನೀಲಿ ‘ಹಾಲ್ಸಿಯನ್’ ಗಿಡದಲ್ಲಿ ತಾನಾಗಿ ಮೂಡಿದ ತಳಿ. ದಟ್ಟ ನೆರಳಲ್ಲಿ ಅದರ ಒಡಲು ತಿಳಿಹಸಿರು, ಬೆಳಗಿನ ಬಿಸಿಲು ಸಿಕ್ಕರೆ ಹೊಂಬಣ್ಣ. ಅಂಚಿನ ನೀಲಿಯನ್ನು ಮುಟ್ಟಬೇಡಿ, ಅದು ಮೇಣದ ಲೇಪ; ಬೆರಳಾಡಿಸಿದರೆ ಅಳಿಸಿಹೋಗುತ್ತದೆ.

1936ರಲ್ಲಿ ಫ್ರಾನ್ಸಿಸ್ ವಿಲಿಯಮ್ಸ್ ಎಂಬಾಕೆ ಕನೆಕ್ಟಿಕಟ್‌ನ ನರ್ಸರಿಯೊಂದರಲ್ಲಿ ಹಳದಿ ಅಂಚಿನ ಗಿಡವೊಂದನ್ನು ಗುರುತಿಸಿದರು. ಅವರ ಹೆಸರನ್ನೇ ಹೊತ್ತ ಆ ತಳಿಯ ಅಂಚು ಆಗಾಗ ಸುಟ್ಟಂತೆ ಕಂದಾಗುತ್ತದೆ. ಆದರೂ ಆ ಅಗಲ ಎಲೆಯ ಗಾಂಭೀರ್ಯಕ್ಕೆ ಸಾಟಿಯಿಲ್ಲ.

ಚಳಿಗಾಲದ ನಿದ್ದೆ ಹೋಸ್ಟಾಕ್ಕೆ ಬೇಕೇ ಬೇಕು; ಬೆಂಗಳೂರಿನ ಚಳಿ ಸಾಲದು. ನ್ಯೂಜೆರ್ಸಿ, ಮಿಷಿಗನ್‌ಗಳಲ್ಲಿ ನೆಲೆಸಿದ ಕನ್ನಡಿಗರು ಹಿತ್ತಲ ಮರದಡಿ ಧಾರಾಳವಾಗಿ ಬೆಳೆಯಬಹುದು. ಬಣ್ಣದ ಗಿಡಗಳನ್ನೇ ಒತ್ತಾಗಿ ತುಂಬಬೇಡಿ. ಸುತ್ತ ಬರೀ ಹಸಿರು ಎಲೆ, ಜರೀಗಿಡಗಳಿದ್ದರೆ ನಡುವಿನ ಒಂದು ಬಿಳಿ ಅಂಚು ದೂರದಿಂದಲೇ ಕರೆಯುತ್ತದೆ.

ಕೊಳ್ಳುವಾಗ ಎಚ್ಚರ. ಬಣ್ಣ ನರಗಳಗುಂಟ ಶಾಯಿಯಂತೆ ಹರಡಿ, ಎಲೆ ಅಲ್ಲಲ್ಲಿ ಸುಕ್ಕುಗಟ್ಟಿದ್ದರೆ ಅದು ಹೋಸ್ಟಾ ವೈರಸ್ ಎಕ್ಸ್ ಇರಬಹುದು. ಹಿಂದೆ ಇಂಥ ರೋಗಿಷ್ಠ ಗಿಡಗಳೇ ಹೊಸ ತಳಿಗಳೆಂದು ಮಾರಾಟವಾಗಿವೆ. ಎಷ್ಟೇ ಅಗ್ಗವಾದರೂ ತರಬೇಡಿ: ಇದಕ್ಕೆ ಮದ್ದಿಲ್ಲ, ಬುಡ ಒಡೆಯುವ ಚಾಕುವಿಗೆ ಅಂಟಿದ ರಸದಿಂದಲೇ ಪಕ್ಕದ ಗಿಡಕ್ಕೆ ದಾಟುತ್ತದೆ.